ಕೊಲೊಕೇಶನ್ ಪಟ್ಟಿ ಬಾಯಿಪಾಠ ಆಗಿದೆ, ಬರೆಯಲು ಕೂತರೆ ತಪ್ಪುತ್ತದೆ (ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಬರವಣಿಗೆ)

ಕೆಂಪುಗೆರೆ: ಬ್ಯಾಂಡ್ (ಅಂಕದ ಮಟ್ಟ) 6.5ರಿಂದ 7ಕ್ಕೆ ಏರಬೇಕು. ಕೊಲೊಕೇಶನ್ (ರೂಢಿಯಲ್ಲಿ ಜೊತೆಯಾಗಿ ಬರುವ ಪದಗಳ) ಪಟ್ಟಿ ಪೂರ್ತಿ ಬಾಯಲ್ಲಿದೆ, ಆದರೆ ಪ್ರಬಂಧದಲ್ಲಿ ಮಾತ್ರ ‘ಡೂ ಎ ಮಿಸ್ಟೇಕ್’, ‘ಕೋಪ್ ಅಪ್ ವಿತ್’, ‘ಲಾಸ್ಟ್ ಬಟ್ ನಾಟ್ ದಿ ಲೀಸ್ಟ್’ ಎಂದೇ ಬೀಳುತ್ತದೆ. ದಿನಕ್ಕೆ ಎಷ್ಟು, ಹೇಗೆ ಕಲಿಯಬೇಕು? ‘ಟೇಕ್ ಎ ಡಿಸಿಷನ್’ ಸರಿಯೋ ತಪ್ಪೋ?

ಕರಡುತಿದ್ದಿ: ಮೂರು ತಪ್ಪಿಗೂ ಮೂಲ ಬೇರೆ ಬೇರೆ, ಒಂದೇ ಮದ್ದು ನಾಟದು. ಮೊದಲನೆಯದು ಕನ್ನಡದಿಂದ ಬಂದದ್ದು. ನಮ್ಮ ‘ಮಾಡು’ ಊಟಕ್ಕೂ ಆಗುತ್ತದೆ, ಸಂಶೋಧನೆಗೂ, ತಪ್ಪಿಗೂ. ಇಂಗ್ಲಿಷಿನಲ್ಲಿ ಅದೇ ಮೂರು ಹೋಳು: ಹ್ಯಾವ್ ಲಂಚ್, ಡೂ ರಿಸರ್ಚ್, ಮೇಕ್ ಎ ಮಿಸ್ಟೇಕ್. ‘ಹಾಕು’ ಇನ್ನೂ ಮೋಸಗಾರ. ಫ್ಯಾನ್ ಹಾಕು, ಬೀಗ ಹಾಕು ಅಂದೂ ಅಂದೂ ‘ಪುಟ್ ದಿ ಫ್ಯಾನ್’ ನಾಲಿಗೆಗೆ ಬಂದುಬಿಡುತ್ತದೆ. ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಕನ್ನಡಕ್ಕೆ ಹೊಂದುವುದನ್ನೆಲ್ಲ (ಟೇಕ್ ಎ ಟ್ಯಾಬ್ಲೆಟ್, ‘ಮಾತ್ರೆ ತಗೋ’ ಥರದ್ದು) ಹೊಡೆದುಹಾಕಿ, ಹೊಂದದಿರುವುದನ್ನು ಮಾತ್ರ ಉಳಿಸಿಕೊಳ್ಳಿ. ಪಟ್ಟಿ ಎಷ್ಟೋ ಸಣ್ಣದಾಗುತ್ತದೆ.

ಎರಡನೆಯದರಲ್ಲಿ ‘ಕೀಪ್ ಅಪ್ ವಿತ್’ನಿಂದ ‘ಅಪ್’ ನುಸುಳಿದೆ. ಸರಿಯಾದದ್ದು ‘ಕೋಪ್ ವಿತ್’. ಮೂರನೆಯದು ಎರಕ ಹೊಯ್ದ ಮಾತು, ‘ಲಾಸ್ಟ್ ಬಟ್ ನಾಟ್ ಲೀಸ್ಟ್’, ಅದರಲ್ಲಿ ‘ದಿ’ ಇಲ್ಲ. ವ್ಯಾಕರಣ ಹಚ್ಚಿ ಯೋಚಿಸಿದರೆ ಕೆಡುತ್ತದೆ. ‘ಹಣ್ಣುಹಂಪಲು’ ಯಾಕೆ ‘ಹಂಪಲುಹಣ್ಣು’ ಅಲ್ಲ ಅಂತ ನಾವು ಕೇಳುತ್ತೇವೆಯೇ? ಪ್ರೋಸ್ ಅಂಡ್ ಕಾನ್ಸ್, ಬೈ ಅಂಡ್ ಲಾರ್ಜ್ ಕೂಡ ಹಾಗೆಯೇ.

‘ಟೇಕ್ ಎ ಡಿಸಿಷನ್’ ಬ್ರಿಟಿಷ್ ಇಂಗ್ಲಿಷಿನಲ್ಲಿ ಸರಿ, ಅಮೆರಿಕದಲ್ಲಿ ‘ಮೇಕ್’ ಅನ್ನುತ್ತಾರೆ. ‘ಮೇಕ್’ ಎಲ್ಲ ಕಡೆ ಸಲ್ಲುತ್ತದೆ, ಅದನ್ನೇ ಬರೆಯಿರಿ.

ಚೀಟಿ_ಡಬ್ಬಿ: ದಿನಕ್ಕೆ ಐದು ಸಾಕು, ಆರಾದರೆ ಹೆಚ್ಚು. ನಾಮಪದವನ್ನು ನಡುವಿಟ್ಟು ಕಲಿಯಿರಿ. ‘ಕನ್‌ಕ್ಲೂಷನ್’ ತಗೊಳ್ಳಿ: ಡ್ರಾ, ರೀಚ್, ಕಮ್ ಟು. ಅವಸರದ ತೀರ್ಮಾನಕ್ಕೆ ‘ಜಂಪ್ ಟು ಕನ್‌ಕ್ಲೂಷನ್ಸ್’, ಸಾಮಾನ್ಯವಾಗಿ ಬಹುವಚನದಲ್ಲೇ. ಚೀಟಿಯ ಮುಂದೆ ಇಡೀ ವಾಕ್ಯ ಬರೆದು ಕ್ರಿಯಾಪದ ಮಾತ್ರ ಖಾಲಿ ಬಿಡಿ: ‘ವಿ ಕೆನಾಟ್ ಡ್___ ಎನಿ ಫರ್ಮ್ ಕನ್‌ಕ್ಲೂಷನ್ಸ್ ಫ್ರಮ್ ಒನ್ ಸರ್ವೆ’. ಮೊದಲ ಅಕ್ಷರ ಕೊಡದಿದ್ದರೆ ಎರಡು ಮೂರು ಉತ್ತರ ಹೊಂದಿ ಚೀಟಿಯೊಂದಿಗೇ ಜಗಳವಾಗುತ್ತದೆ. ‘ಫ್ರಮ್’ ಅನ್ನೂ ಬಿಡಬೇಡಿ, ಅಂಕ ಸೋರುವುದು ಅಂಥ ಪುಟ್ಟ ಪದಗಳಲ್ಲೇ. 1, 3, 7, 21ನೇ ದಿನ ಮತ್ತೆ ನೋಡಿ. 7ನೇ ದಿನ ಚೀಟಿ ಮುಚ್ಚಿ ನಿಮ್ಮದೇ ವಾಕ್ಯ ಬರೆಯಿರಿ.

ಮೇಕ್ ಪಟ್ಟಿ, ಡೂ ಪಟ್ಟಿ ಎರಡನ್ನೂ ಒಂದೇ ದಿನ ಮಾತ್ರ ಬೇಡ. ಕಲಸುಮೇಲೋಗರ ಆಗುತ್ತದೆ. ನಡುವೆ ಒಂದು ವಾರ ಬಿಡಿ.

ಪದಬೇಟೆ: ಮೇಲಿನದಕ್ಕೆ ಒಂದು ಸೇರಿಕೆ. ಕೆಲವು ಪದಗಳಿಗೆ ಒಳ್ಳೆಯದು ಕೆಟ್ಟದ್ದರ ವಾಸನೆ ಇರುತ್ತದೆ. ‘ಕಾಸ್’ ಹೆಚ್ಚಾಗಿ ಕೆಟ್ಟದ್ದರ ಜೊತೆ ಹೋಗುತ್ತದೆ: ಡ್ಯಾಮೇಜ್, ಡಿಲೇ, ಕನ್ಸರ್ನ್. ‘ಕಾಸ್ ಇಂಪ್ರೂವ್‌ಮೆಂಟ್’ ಅಂದರೆ ವ್ಯಾಕರಣ ಸರಿ, ಕಿವಿಗೆ ಕಹಿ. ಅಲ್ಲಿ ‘ಲೀಡ್ ಟು’ ಹಾಕಿ. ‘ಸೆಟ್ ಇನ್’ ಕೂಡ ಹಾಗೆ, ಪ್ಯಾನಿಕ್ ಸೆಟ್ಸ್ ಇನ್, ಇನ್ಫೆಕ್ಷನ್ ಸೆಟ್ಸ್ ಇನ್. ಜಾಯ್ ಹಾಗೆ ಬರುವುದಿಲ್ಲ.

ಅನುಮಾನ ಬಂದರೆ ಸ್ಕೆಲ್ (SkELL) ಜಾಲತಾಣದಲ್ಲಿ ಪದ ಹಾಕಿ ‘ವರ್ಡ್ ಸ್ಕೆಚ್’ ಒತ್ತಿ, ಜೊತೆ ಪದಗಳು ಸಾಲಾಗಿ ಬರುತ್ತವೆ, ದುಡ್ಡಿಲ್ಲ. ಗೂಗಲ್ ಫಲಿತಾಂಶದ ಸಂಖ್ಯೆ ನಂಬಬೇಡಿ. ನಮ್ಮವರೇ ತಪ್ಪಾಗಿ ಬರೆದ ‘ಡಿಸ್ಕಸ್ ಅಬೌಟ್’ ಅಲ್ಲಿ ರಾಶಿ ಬಿದ್ದಿದೆ.

ಕೆಂಪುಗೆರೆ: ಎಲ್ಲರಿಗೂ ಥ್ಯಾಂಕ್ಸ್. ‘ಒನ್ಸ್ ಇನ್ ಎ ಬ್ಲೂ ಮೂನ್’ ಥರದ್ದನ್ನು ಪ್ರಬಂಧದಲ್ಲಿ ಹಾಕಿದರೆ ಅಂಕ ಬರುತ್ತದಾ?

ಕರಡುತಿದ್ದಿ: ಟಾಸ್ಕ್ 2ರಲ್ಲಿ (ಪ್ರಬಂಧದಲ್ಲಿ) ಬೇಡವೇ ಬೇಡ, ಆಡುಮಾತಾಗುತ್ತದೆ. ಸ್ಪೀಕಿಂಗ್‌ನಲ್ಲಿ ಸಂದರ್ಭ ಒದಗಿದರೆ ಒಮ್ಮೆ ಇರಲಿ. ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಅಂತೂ ಹಳಸಿದ ಅನ್ನ. ಬರವಣಿಗೆಯ ನಾಲ್ಕು ಮಾನದಂಡಗಳಲ್ಲಿ ಪದಸಂಪತ್ತಿನ ಪಾಲು 25%; 7ನೇ ಬ್ಯಾಂಡಿನ ವಿವರಣೆಯಲ್ಲಿ ಕೊಲೊಕೇಶನ್ ಹೆಸರೆತ್ತಿಯೇ ಹೇಳಿದ್ದಾರೆ, ಜೊತೆಗೆ ಶೈಲಿಯ ಅರಿವನ್ನೂ. 250 ಪದಗಳ ಪ್ರಬಂಧಕ್ಕೆ ‘ಪೋಸ್ ಎ ಥ್ರೆಟ್ ಟು’, ‘ಬೇರ್ ದಿ ಕಾಸ್ಟ್ ಆಫ್’ ಮಟ್ಟದ ಆರೇಳು ತಪ್ಪಿಲ್ಲದೆ ಬಂದರೆ ಸಾಕು. ‘ಥ್ರೆಟ್’ ಆದಮೇಲೆ ‘ಟು’, ‘ಫಾರ್’ ಅಲ್ಲ.