ತೂಕ ಇಳಿಸುವ ಶಸ್ತ್ರಚಿಕಿತ್ಸೆ: ಶಸ್ತ್ರವೈದ್ಯರೊಂದಿಗೆ ಪ್ರಶ್ನೋತ್ತರ

ಅಡ್ಮಿನ್: ಲ್ಯಾಪರೊಸ್ಕೋಪಿ (ಹೊಟ್ಟೆಯ ಸಣ್ಣ ರಂಧ್ರಗಳಲ್ಲಿ ಕ್ಯಾಮೆರಾ ಮತ್ತು ಉಪಕರಣ ಇಳಿಸುವ ವಿಧಾನ) ಮೂಲಕ ಜಠರ ಮತ್ತು ಕರುಳಿನ ಶಸ್ತ್ರಚಿಕಿತ್ಸೆ ಮಾಡುವ, ಅದರ ದೀರ್ಘಕಾಲದ ಫಲಿತಾಂಶಗಳ ಅಧ್ಯಯನದಲ್ಲೂ ತೊಡಗಿರುವ ವೈದ್ಯರು ಇಂದು ಸಂಜೆ ನಮ್ಮೊಂದಿಗಿದ್ದಾರೆ. ದಯವಿಟ್ಟು ಯಾರೂ ವೈದ್ಯರ ಅಥವಾ ಆಸ್ಪತ್ರೆಗಳ ಹೆಸರು ಬರೆಯಬೇಡಿ.

ಪ್ರಶ್ನೆ 1: ಡಾಕ್ಟರೇ, ಸ್ಲೀವ್ ಒಳ್ಳೆಯದೋ, ಬೈಪಾಸ್ ಒಳ್ಳೆಯದೋ? ಎರಡನ್ನೂ ಸಣ್ಣ ರಂಧ್ರಗಳ ಮೂಲಕವೇ ಮಾಡುತ್ತಾರೆ ಎಂದು ಕೇಳಿದ್ದೇನೆ. ನನಗೆ ಬಹಳ ವರ್ಷಗಳಿಂದ ಎದೆಯುರಿ ಮತ್ತು ಹುಳಿತೇಗು ಇದೆ.

ವೈದ್ಯರು: ನಿಮ್ಮ ಮಟ್ಟಿಗೆ ಆ ಎದೆಯುರಿಯೇ ಮುಖ್ಯವಾದ ಸಂಗತಿ. ಸ್ಲೀವ್‌ನಲ್ಲಿ ಜಠರದ ಬಹುಭಾಗವನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಕಿರಿದಾದ ಕೊಳವೆಯಂತೆ ಮಾಡುತ್ತೇವೆ. ಅದರೊಳಗಿನ ಒತ್ತಡ ಹೆಚ್ಚಾಗಿರುವುದರಿಂದ ಆಮ್ಲ ಮೇಲಕ್ಕೆ ಬರುವುದು ಸುಲಭವಾಗುತ್ತದೆ. ಬೈಪಾಸ್ ಎಂದರೆ ಇಲ್ಲಿ ಹೃದಯದ್ದಲ್ಲ, ಜಠರದ ಪುಟ್ಟ ಚೀಲಕ್ಕೆ ಸಣ್ಣ ಕರುಳನ್ನು ನೇರವಾಗಿ ಜೋಡಿಸುವುದು. ಫಿನ್‌ಲೆಂಡಿನಲ್ಲಿ 240 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ‘ಸ್ಲೀವ್‌ಪಾಸ್’ ಅಧ್ಯಯನದ ಹತ್ತು ವರ್ಷಗಳ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಹೆಚ್ಚುವರಿ ತೂಕದಲ್ಲಿ ಇಳಿದ ಪಾಲು ಸ್ಲೀವ್ ಗುಂಪಿನಲ್ಲಿ ಶೇ. 43.5, ಬೈಪಾಸ್ ಗುಂಪಿನಲ್ಲಿ ಶೇ. 50.7 ಇತ್ತು. ಆದರೆ ಎಂಡೋಸ್ಕೋಪಿಯಲ್ಲಿ (ಬಾಯಿಯ ಮೂಲಕ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ) ಅನ್ನನಾಳದ ಉರಿಯೂತ ಕಂಡುಬಂದದ್ದು ಸ್ಲೀವ್‌ನವರಲ್ಲಿ ಶೇ. 31, ಬೈಪಾಸ್‌ನವರಲ್ಲಿ ಶೇ. 7. ತೂಕದ ಅಂಕಿಗಿಂತ ಈ ಎರಡನೆಯ ಅಂಕಿಯನ್ನೇ ನೀವು ಹೆಚ್ಚು ಗಮನಿಸಬೇಕು. ಮೊದಲು ಎಂಡೋಸ್ಕೋಪಿ ಮಾಡಿಸಿಕೊಳ್ಳಿ. ಬೈಪಾಸ್ ಬಗ್ಗೆ ನಿಮ್ಮ ವೈದ್ಯರೊಂದಿಗೆ ಮಾತನಾಡುವುದು ಆಮೇಲೆ.

ಪ್ರಶ್ನೆ 2: ನಮಸ್ಕಾರ ಡಾಕ್ಟರೇ. ನನ್ನ ತಂಗಿಗೆ ಎರಡು ವರ್ಷಗಳ ಹಿಂದೆ ಬೈಪಾಸ್ ಆಗಿದ್ದು, 45 ಕಿಲೊ ತೂಕ ಇಳಿದಿದ್ದಾಳೆ. ಈಗ ಎರಡು ತಿಂಗಳಿಂದ ಊಟವಾದ ಮೇಲೆ ಹೊಟ್ಟೆಯ ಮೇಲ್ಭಾಗದಲ್ಲಿ ನುಲಿದಂತೆ ನೋವು ಬರುತ್ತದೆ, ಬೆನ್ನಿಗೂ ಹರಡುತ್ತದೆ, ಒಂದು ಗಂಟೆಯೊಳಗೆ ತಾನಾಗಿಯೇ ಹೋಗುತ್ತದೆ. ಅಲ್ಟ್ರಾಸೌಂಡ್ ಮತ್ತು ಎಂಡೋಸ್ಕೋಪಿ ಎರಡರಲ್ಲೂ ಏನೂ ಇಲ್ಲ ಎಂದು ಬಂದಿದೆ. ಗ್ಯಾಸ್ ಇರಬಹುದು ಎಂದಿದ್ದಾರೆ. ಮೂರು ದಿನ ಉಪವಾಸವಿದ್ದು ನಾಲ್ಕನೆಯ ದಿನ ಭೇದಿಗೆ ತೆಗೆದುಕೊಂಡರೆ ಕರುಳು ಶುದ್ಧವಾಗುತ್ತದೆ ಎಂಬ ಫಾರ್ವರ್ಡ್ ಸಂದೇಶವನ್ನು ಮನೆಯವರು ತೋರಿಸುತ್ತಿದ್ದಾರೆ. ಮಾಡಬಹುದೇ?

ವೈದ್ಯರು: ಖಂಡಿತ ಮಾಡಬೇಡಿ. ನಿಮ್ಮ ತಂಗಿಯ ವಿಷಯ ನನಗೆ ಕಳವಳ ಉಂಟುಮಾಡಿದೆ, ಆದ್ದರಿಂದ ವಿವರವಾಗಿ ಬರೆಯುತ್ತೇನೆ.

ಬೈಪಾಸ್‌ನಲ್ಲಿ ಸಣ್ಣ ಕರುಳನ್ನು ಕತ್ತರಿಸಿ, ಒಂದು ತುದಿಯನ್ನು ಮೇಲಕ್ಕೆಳೆದು ಜಠರದ ಪುಟ್ಟ ಚೀಲಕ್ಕೆ ಜೋಡಿಸುತ್ತೇವೆ. ಹಾಗೆ ಮಾಡುವಾಗ ಕರುಳನ್ನು ಹಿಡಿದಿರುವ ಪೊರೆಯಲ್ಲಿ ಸಂದುಗಳು ಉಳಿಯುತ್ತವೆ. ಅವುಗಳಲ್ಲಿ ಒಂದನ್ನು ಪೀಟರ್ಸನ್ ಸಂದು ಎನ್ನುತ್ತೇವೆ. ತೂಕ ಇಳಿದಂತೆ ಪೊರೆಯೊಳಗಿನ ಕೊಬ್ಬೂ ಕರಗಿ ಸಂದು ಅಗಲವಾಗುತ್ತದೆ, ಆಗ ಕರುಳು ಅದರೊಳಗೆ ನುಸುಳಿ, ಕೆಲವೊಮ್ಮೆ ತಾನಾಗಿಯೇ ಹಿಂದಕ್ಕೆ ಜಾರುತ್ತದೆ. ಊಟದ ಮೇಲೆ ಬಂದು ಹೋಗುವ ನುಲಿನೋವಿಗೆ ಇದು ಕಾರಣವಾಗಿರಬಹುದು. ಇದಕ್ಕೆ ಒಳ ಹರ್ನಿಯಾ ಎಂದು ಹೆಸರು. ಹೊರಗೆ ಯಾವ ಉಬ್ಬೂ ಕಾಣುವುದಿಲ್ಲ. ಎಂಡೋಸ್ಕೋಪಿ ಕರುಳಿನ ಒಳಗಿನಿಂದ ನೋಡುವ ಪರೀಕ್ಷೆಯಾದ್ದರಿಂದ ಹೊರಗಿರುವ ಸಂದು ಅದಕ್ಕೆ ಕಾಣದು. ಅಲ್ಟ್ರಾಸೌಂಡಿನಲ್ಲಿ ಪಿತ್ತಕೋಶದ ಕಲ್ಲು ತಿಳಿಯುತ್ತದೆಯೇ ಹೊರತು ಇದು ಸಾಮಾನ್ಯವಾಗಿ ತಿಳಿಯುವುದಿಲ್ಲ. ಸಿ.ಟಿ. ಸ್ಕ್ಯಾನ್ ಬೇಕು, ಅದೂ ಸಾಧ್ಯವಾದರೆ ನೋವಿರುವಾಗಲೇ ಮಾಡಿಸಬೇಕು. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೂ ನೋವು ಮರುಕಳಿಸುತ್ತಿದ್ದರೆ ಲ್ಯಾಪರೊಸ್ಕೋಪಿ ಮಾಡಿ ಒಳಗೆ ಕಣ್ಣಾರೆ ನೋಡುವುದೇ ಸರಿಯಾದ ಮಾರ್ಗ.

ಸಂದುಗಳನ್ನು ಮೊದಲೇ ಹೊಲಿದು ಮುಚ್ಚಬೇಕೇ ಎಂಬುದನ್ನು ಸ್ವೀಡನ್ನಿನಲ್ಲಿ 2507 ಜನರ ಮೇಲೆ ಪರೀಕ್ಷಿಸಿ 2016ರಲ್ಲಿ ವರದಿ ಮಾಡಿದ್ದಾರೆ. ಮೂರು ವರ್ಷಗಳಲ್ಲಿ ಕರುಳು ಕಟ್ಟಿಕೊಂಡು ಮತ್ತೆ ಶಸ್ತ್ರಚಿಕಿತ್ಸೆ ಬೇಕಾದವರು ಮುಚ್ಚದಿದ್ದ ಗುಂಪಿನಲ್ಲಿ ಶೇ. 10.2, ಮುಚ್ಚಿದ ಗುಂಪಿನಲ್ಲಿ ಶೇ. 5.5. ಮುಚ್ಚಿದರೂ ಅಪಾಯ ಪೂರ್ತಿ ತಪ್ಪುವುದಿಲ್ಲ ಎಂಬುದನ್ನು ಗಮನಿಸಿ. ಆದ್ದರಿಂದ ನಿಮ್ಮ ತಂಗಿಯ ಶಸ್ತ್ರಚಿಕಿತ್ಸೆಯ ವರದಿಯಲ್ಲಿ ಸಂದು ಮುಚ್ಚಿದ ಉಲ್ಲೇಖವಿದೆಯೇ ಎಂದು ನೋಡಿ ನನಗೆ ತಿಳಿಸಿ. ನೋವು ಬಿಡದೆ ಉಳಿದರೆ, ಅಥವಾ ವಾಂತಿಯಾದರೆ, ಬೆಳಗಿನವರೆಗೆ ಕಾಯುವಂತಿಲ್ಲ. ಸಿಕ್ಕಿಕೊಂಡ ಕರುಳಿಗೆ ರಕ್ತ ನಿಂತರೆ ಕೆಲವೇ ಗಂಟೆಗಳಲ್ಲಿ ಅದು ಕೊಳೆಯತೊಡಗುತ್ತದೆ. ಅಂಥ ಕರುಳಿಗೆ ಭೇದಿಯ ಔಷಧ ಕೊಡಿ ಎನ್ನುವ ಸಂದೇಶವನ್ನು ಬರೆದವರು ಯಾವ ರೋಗಿಯನ್ನು ನೋಡಿ ಬರೆದರೋ ನಾನರಿಯೆ.

ಪ್ರಶ್ನೆ 3: ಬೈಪಾಸ್ ಆಗಿದೆ. ಮಂಡಿನೋವಿಗೆ ನೋವಿನ ಮಾತ್ರೆ ತೆಗೆದುಕೊಳ್ಳಬಹುದೇ?

ವೈದ್ಯರು: ಐಬುಪ್ರೊಫೇನ್, ಡೈಕ್ಲೊಫಿನಾಕ್ ಬೇಡ, ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಪ್ಯಾರಾಸಿಟಮಾಲ್ ಸರಿಯಾದ ಪ್ರಮಾಣದಲ್ಲಿ ಆಗಬಹುದು. ಧೂಮಪಾನವಿದ್ದರೆ ಬಿಡಿ.

ಪ್ರಶ್ನೆ 4: ಕೂದಲು ಬಹಳ ಉದುರುತ್ತಿದೆ, ಎಷ್ಟು ತಿಂಗಳು ಹೀಗಿರುತ್ತದೆ?

ಪ್ರಶ್ನೆ 5: ಸರ್, ಸ್ಲೀವ್ ಮತ್ತು ಬೈಪಾಸ್‌ಗಳಲ್ಲಿ ಯಾವುದು ಉತ್ತಮ?

ವೈದ್ಯರು: ಮೊದಲ ಪ್ರಶ್ನೆಯ ಉತ್ತರವನ್ನು ಓದಿ.

ಒಬ್ಬ ಸದಸ್ಯರು: ಬಾಯಿ ಕಟ್ಟಿದ್ದರೆ ಇವರಲ್ಲಿ ಯಾರಿಗೂ ಹೊಟ್ಟೆ ಕೊಯ್ಯಿಸಿಕೊಳ್ಳುವ ಅಗತ್ಯವೇ ಇರುತ್ತಿರಲಿಲ್ಲ.

ಇನ್ನೊಬ್ಬ ಸದಸ್ಯೆ: ಹದಿನೈದು ವರ್ಷ ಬಾಯಿ ಕಟ್ಟಿದವಳು ನಾನು. ಇಳಿದ ತೂಕವೆಲ್ಲ ಪ್ರತಿ ಬಾರಿಯೂ ಮರಳಿ ಬಂದಿತು. ಶಸ್ತ್ರಚಿಕಿತ್ಸೆಯಿಂದ ಆಯುಸ್ಸು ಹೆಚ್ಚುತ್ತದೆ ಎಂದು ಸ್ವೀಡನ್ನಿನ ಇನ್ನೊಂದು ಅಧ್ಯಯನವೇ ಸಾಬೀತು ಮಾಡಿದೆ. ತಿಳಿಯದಿದ್ದರೆ ಸುಮ್ಮನಿರಿ.

ಮೊದಲ ಸದಸ್ಯರು: ಅದರಲ್ಲಿ ಚೀಟಿ ಎತ್ತಿ ಗುಂಪು ಮಾಡಿರಲಿಲ್ಲ. ಅದು ಸಾಬೀತು ಹೇಗಾಗುತ್ತದೆ? ನಿಮಗೆ ಬೇಕಾದದ್ದನ್ನು ಮಾತ್ರ ಓದಿದ್ದೀರಿ.

ಸದಸ್ಯೆ: ನೀವು ಅಷ್ಟನ್ನೂ ಓದಿಲ್ಲ, ಯಾರೋ ಹೇಳಿದ್ದನ್ನು ಒಪ್ಪಿಸುತ್ತಿದ್ದೀರಿ.

ಅಡ್ಮಿನ್: ದಯವಿಟ್ಟು ವೈಯಕ್ತಿಕ ಮಾತು ಬೇಡ.

ವೈದ್ಯರು: ಇಬ್ಬರೂ ನಿಲ್ಲಿಸಿ, ದಯವಿಟ್ಟು. 1987ರಲ್ಲಿ ಆರಂಭವಾದ ಆ ಅಧ್ಯಯನದ 2007ರ ವರದಿಯಲ್ಲಿ, ಸರಾಸರಿ ಸುಮಾರು ಹನ್ನೊಂದು ವರ್ಷಗಳಲ್ಲಿ ಶಸ್ತ್ರಚಿಕಿತ್ಸೆಯ ಗುಂಪಿನ ಶೇ. 5ರಷ್ಟು, ಹೋಲಿಕೆಯ ಗುಂಪಿನ ಶೇ. 6.3ರಷ್ಟು ಜನ ತೀರಿಕೊಂಡಿದ್ದರು. ಅದು ಚೀಟಿ ಎತ್ತಿ ಮಾಡಿದ ಅಧ್ಯಯನವಲ್ಲ ಎಂಬ ಆಕ್ಷೇಪಣೆ ಸರಿಯಾಗಿದೆ. ಮಧುಮೇಹಕ್ಕೆ ಸಂಬಂಧಿಸಿ ಹಾಗೆ ಗುಂಪು ಮಾಡಿದ ‘ಸ್ಟ್ಯಾಂಪೀಡ್’ ಅಧ್ಯಯನವಿದೆ: ಐದು ವರ್ಷಗಳ ಬಳಿಕ ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಕಿ ಶೇ. 6ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದವರು ಬೈಪಾಸ್‌ನಲ್ಲಿ ಶೇ. 29, ಸ್ಲೀವ್‌ನಲ್ಲಿ ಶೇ. 23, ಔಷಧ ಮಾತ್ರ ಪಡೆದವರಲ್ಲಿ ಶೇ. 5. ಶಸ್ತ್ರಚಿಕಿತ್ಸೆಯಾದವರಲ್ಲೂ ಬಹುಪಾಲು ಜನ ಆ ಗುರಿ ಮುಟ್ಟಲಿಲ್ಲ ಎಂಬುದನ್ನೂ ನಾನು ಪ್ರತಿ ರೋಗಿಗೂ ಹೇಳುತ್ತೇನೆ. ಆದರೆ ‘ಬಾಯಿ ಕಟ್ಟಿ’ ಎನ್ನುವುದು ವೈದ್ಯಕೀಯ ಸಲಹೆಯಲ್ಲ. ತೂಕ ಇಳಿದಾಗ ಹಸಿವು ಹೆಚ್ಚುವಂತೆ ದೇಹವೇ ಹಾರ್ಮೋನುಗಳನ್ನು ಬದಲಾಯಿಸುತ್ತದೆ. ಆ ಮಾತನ್ನು ಕೇಳಿ ನಾಚಿಕೊಂಡು ತಪಾಸಣೆಗೆ ಬರುವುದನ್ನೇ ನಿಲ್ಲಿಸಿದವರನ್ನು ನೋಡಿದ್ದೇನೆ.

ಪ್ರಶ್ನೆ 6: ರೋಬೋಟ್ ಮೂಲಕ ಮಾಡಿಸಿದರೆ ಫಲಿತಾಂಶ ಉತ್ತಮವೇ?

ವೈದ್ಯರು: ಯಂತ್ರಕ್ಕಿಂತ ಅದನ್ನು ಹಿಡಿದ ಕೈಯನ್ನು ವಿಚಾರಿಸಿ. ಮಿಶಿಗನ್‌ನಲ್ಲಿ 20 ಶಸ್ತ್ರವೈದ್ಯರ ಬೈಪಾಸ್ ವಿಡಿಯೊಗಳನ್ನು ಸಹವೈದ್ಯರೇ ನೋಡಿ ಅಂಕ ಕೊಟ್ಟ 2013ರ ಅಧ್ಯಯನದಲ್ಲಿ, ಅತಿ ಕಡಿಮೆ ಅಂಕದವರ ರೋಗಿಗಳಲ್ಲಿ ತೊಡಕುಗಳು ಶೇ. 14.5, ಅತಿ ಹೆಚ್ಚು ಅಂಕದವರಲ್ಲಿ ಶೇ. 5.2 ಇದ್ದವು.

ಪ್ರಶ್ನೆ 7: ಭೇದಿಯ ಆ ಸಂದೇಶ ನನಗೂ ಬಂದಿದೆ, ಸ್ಲೀವ್ ಆದವರು ಮಾಡಬಹುದೇ?

ವೈದ್ಯರು: ಬೇಡ. ಯಾರೂ ಮಾಡಬೇಡಿ. ಅದನ್ನು ಮುಂದಕ್ಕೆ ಕಳುಹಿಸಲೂಬೇಡಿ.

ಪ್ರಶ್ನೆ 7 ಕೇಳಿದವರು: ಕೇಳಿದ್ದಕ್ಕೆ ಇಷ್ಟು ಸಿಡುಕಬೇಕಾಗಿರಲಿಲ್ಲ.

ಪ್ರಶ್ನೆ 4 ಕೇಳಿದವರು: ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ.

ಪ್ರಶ್ನೆ 2 ಕೇಳಿದವರು: ಡಾಕ್ಟರೇ, ವರದಿ ಸಿಕ್ಕಿತು, ಸಂದು ಮುಚ್ಚಿದ ಉಲ್ಲೇಖ ಅದರಲ್ಲಿಲ್ಲ. ತಂಗಿ ನನಗೆ ಹೇಳಿರಲಿಲ್ಲ, ನಾಲ್ಕು ದಿನಗಳಿಂದ ವಾಂತಿಯಾಗುತ್ತಿದೆಯಂತೆ. ಇಂದು ಮಧ್ಯಾಹ್ನ ಬಂದ ನೋವು ಇನ್ನೂ ಹೋಗಿಲ್ಲ.

ವೈದ್ಯರು: ಈಗಲೇ ಹೊರಡಿ. ಸಿ.ಟಿ. ಸೌಲಭ್ಯವೂ ರಾತ್ರಿ ಶಸ್ತ್ರವೈದ್ಯರೂ ಇರುವ ಆಸ್ಪತ್ರೆಗೇ ಹೋಗಿ, ಆ ವರದಿಯನ್ನು ಕೈಯಲ್ಲೇ ಹಿಡಿದುಕೊಳ್ಳಿ. ‘ಬೈಪಾಸ್ ಆಗಿದೆ, ಒಳ ಹರ್ನಿಯಾ ಇರಬಹುದೆಂಬ ಅನುಮಾನವಿದೆ’ ಎಂದು ಹೋದೊಡನೆ ಹೇಳಿ. ಏನನ್ನೂ ತಿನ್ನಿಸಬೇಡಿ, ಕುಡಿಸಬೇಡಿ. ಇನ್ನೊಂದು ಮುಖ್ಯ ಸಂಗತಿ: ನಾಲ್ಕು ದಿನ ವಾಂತಿಯಾಗಿರುವುದರಿಂದ ಗ್ಲೂಕೋಸ್ ಡ್ರಿಪ್ ಹಾಕುವ ಮೊದಲು ಥಯಾಮಿನ್, ಅಂದರೆ ಬಿ1 ಜೀವಸತ್ವ, ಕೊಡುವಂತೆ ಕೇಳಿ. ಅದರ ಕೊರತೆಯಿದ್ದಾಗ ಬರೀ ಗ್ಲೂಕೋಸ್ ಕೊಟ್ಟರೆ ಮೆದುಳಿಗೆ ಶಾಶ್ವತ ಹಾನಿಯಾಗಬಹುದು. ಅಲ್ಲಿನ ವೈದ್ಯರು ನನ್ನೊಂದಿಗೆ ಮಾತನಾಡಬಯಸಿದರೆ ಅಡ್ಮಿನ್ ಬಳಿ ನನ್ನ ನಂಬರ್ ಇದೆ. ಉಳಿದ ಪ್ರಶ್ನೆಗಳಿಗೆ ಇಂದು ಉತ್ತರಿಸಲಾರೆ.

ಪ್ರಶ್ನೆ 2 ಕೇಳಿದವರು: ಹೊರಟಿದ್ದೇವೆ.