ಅಪ್‌ಡೇಟ್: ಸಮಾಲೋಚನೆ ಇಲ್ಲದೆ ಹೋದ ಕೆಲಸ, ಕೊನೆಗೆ ಬಂದ ಪರಿಹಾರ
(ಇಂಗ್ಲೆಂಡ್, ಮೇ 2024)

ನಮ್ಮ ಕಚೇರಿಯ 26 ಜನರನ್ನು ಹನ್ನೊಂದು ನಿಮಿಷದ ವಿಡಿಯೊ ಕರೆಯಲ್ಲಿ ಮನೆಗೆ ಕಳುಹಿಸಿದರೆಂದು ಇಪ್ಪತ್ತು ದಿನದ ಹಿಂದೆ ಗೋಳು ತೋಡಿಕೊಂಡಿದ್ದೆನಲ್ಲ, ಅದು ರಾಜಿಯಲ್ಲಿ ಮುಗಿಯಿತು.

ಎಚ್‌ಆರ್‌ಗೆ ಬರೆದ ಮೂರು ಪುಟದ ಮೇಲ್ಮನವಿ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಫಲಿಸಿದ್ದು ‘ಏಕಾಸ್‌ಗೆ (ನೌಕರ-ಮಾಲೀಕರ ವ್ಯಾಜ್ಯಗಳಲ್ಲಿ ರಾಜಿ ಮಾಡಿಸುವ ಸಂಸ್ಥೆ, Acas) ಫೋನ್ ಮಾಡಿ’ ಎಂಬ ಸಲಹೆ. ಅವರ ಸಂಧಾನ ಸೇವೆಗೆ ಶುಲ್ಕವಿಲ್ಲ.

ಒಂದೇ ಕಡೆ, 90 ದಿನದೊಳಗೆ 20 ಅಥವಾ ಹೆಚ್ಚು ಜನರನ್ನು ತೆಗೆಯುವುದಾದರೆ ಕನಿಷ್ಠ 30 ದಿನ ಮೊದಲೇ ಕಂಪನಿ ನೌಕರರ ಪ್ರತಿನಿಧಿಗಳ ಜೊತೆ ಸಮಾಲೋಚನೆ ಆರಂಭಿಸಬೇಕು. ತಪ್ಪಿದರೆ 2024ರಲ್ಲಿ ಉದ್ಯೋಗ ನ್ಯಾಯಮಂಡಳಿ 90 ದಿನದವರೆಗಿನ ಸಂಬಳ ಕೊಡಿಸಬಹುದಿತ್ತು. ನನಗೆ ಅಚ್ಚರಿಯಾದದ್ದು, ಇದಕ್ಕೆ ಎರಡು ವರ್ಷದ ಸೇವೆ ಬೇಕಿಲ್ಲ. ನನ್ನದು ಹದಿನಾಲ್ಕೇ ತಿಂಗಳು! ಹೊಸ ಕೆಲಸ ಸಿಕ್ಕರೂ ಮೊತ್ತ ಕಡಿತವಾಗದು.

ನ್ಯಾಯಮಂಡಳಿಗೆ ಹೋಗಲು 2024ರಲ್ಲಿ ಗಡುವು ಮೂರು ತಿಂಗಳಿಗೆ ಒಂದು ದಿನ ಕಡಿಮೆ ಇತ್ತು. ಮೇಲ್ಮನವಿ ಹಾಕಿದರೂ ಅದು ನಿಲ್ಲುವುದಿಲ್ಲ. ಲ್ಯಾಪ್‌ಟಾಪ್ ತುಂಬಿದ ರಟ್ಟಿನ ಪೆಟ್ಟಿಗೆ ಮಾತ್ರ ಇನ್ನೂ ನಮ್ಮ ಬಾಗಿಲಲ್ಲೇ ಇದೆ, ಕೊರಿಯರ್‌ನವರು ಬಂದಿಲ್ಲ.