ಪ್ಯಾಕೇಜ್ ಕಟ್ಟುವಾಗ ಡಿಬಗ್ ಮಾಹಿತಿಯನ್ನು ಏನು ಮಾಡಬೇಕು?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಸಿ++ ಪ್ರೋಗ್ರಾಂ ಅನ್ನು ಡೆಬಿಯನ್ ಪ್ಯಾಕೇಜಾಗಿ ಗ್ರಾಹಕರಿಗೆ ಕೊಡುತ್ತೇವೆ. ಮೊನ್ನೆ ಒಬ್ಬರಲ್ಲಿ ಅದು ಕ್ರ್ಯಾಶ್ ಆಯಿತು. ಕೋರ್ ಫೈಲ್ (ಕ್ರ್ಯಾಶ್ ಆದ ಕ್ಷಣದ ಮೆಮೊರಿಯ ನಕಲು) ತರಿಸಿ ಜಿಡಿಬಿ ಎಂಬ ಡಿಬಗರ್‌ನಲ್ಲಿ ತೆರೆದರೆ ಫಂಕ್ಷನ್ ಹೆಸರಿರಬೇಕಾದಲ್ಲೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಮೇಕ್‌ಫೈಲಿನಲ್ಲಿ ‘-ಓ2 -ಎಸ್’ ಎಂದಿದೆ. ಡಿಬಗ್ ಮಾಹಿತಿ ಕೂಡಿಸುವ ‘-ಜಿ’ ಸೇರಿಸಿದರೆ ಪ್ರೋಗ್ರಾಂ ನಿಧಾನವಾಗುತ್ತದೆ ಎಂಬುದು ಸಹೋದ್ಯೋಗಿಗಳ ತಕರಾರು. ನಮಗೊಂದು, ಗ್ರಾಹಕರಿಗೊಂದು ಎಂದು ಎರಡು ಬಿಲ್ಡ್ ಮಾಡಬೇಕೆ?

ಉತ್ತರ: ಎರಡು ಬಿಲ್ಡ್ ಬೇಡವೇ ಬೇಡ. ಪರೀಕ್ಷಿಸುವುದು ಒಂದನ್ನು, ಕ್ರ್ಯಾಶ್ ಆಗುವುದು ಇನ್ನೊಂದು ಎಂಬ ಸ್ಥಿತಿ ಬಂದೀತು. ವೇಗವನ್ನು ತೀರ್ಮಾನಿಸುವುದು ‘-ಓ2’; ‘-ಜಿ’ ಅದರ ತಂಟೆಗೆ ಹೋಗುವುದಿಲ್ಲ. ಅದು ಡ್ವಾರ್ಫ್ ಎಂಬ ರೂಪದಲ್ಲಿ ಸೇರಿಸುವ ಡಿಬಗ್ ಮಾಹಿತಿ ಫೈಲಿನ ಬೇರೆ ವಿಭಾಗಗಳಲ್ಲಿರುತ್ತದೆ, ಪ್ರೋಗ್ರಾಂ ಓಡುವಾಗ ಮೆಮೊರಿಗೆ ಏರುವುದೇ ಇಲ್ಲ. ಡಿಸ್ಕಿನಲ್ಲಿ ಜಾಗ ತಿನ್ನುತ್ತದೆ, ಅದು ನಿಜ.

ಆದ್ದರಿಂದಲೇ ಡೆಬಿಯನ್ ನೀತಿ ಕೆಲಸವನ್ನು ಎರಡು ಹಂತ ಮಾಡಿದೆ: ಕಂಪೈಲ್ ಮಾಡುವಾಗ ‘-ಜಿ’ ಇರಲಿ, ಪ್ಯಾಕೇಜಿಗೆ ಹಾಕುವಾಗ ಸ್ಟ್ರಿಪ್ ಮಾಡಿ, ಅಂದರೆ ಆ ಮಾಹಿತಿಯನ್ನು ತೆಗೆಯಿರಿ. 2015ರ ಕೊನೆಯಿಂದ ಡೆಬ್‌ಹೆಲ್ಪರ್ (ಡೆಬಿಯನ್ ಪ್ಯಾಕೇಜ್ ಕಟ್ಟುವ ಸಾಧನ) ಹಾಗೆ ತೆಗೆದ ಮಾಹಿತಿಯನ್ನು ಬಿಸಾಡದೆ, ಹೆಸರಿನ ಕೊನೆಗೆ ‘-ಡಿಬಿಜಿಸಿಮ್’ ಅಂಟಿಸಿದ ಪ್ರತ್ಯೇಕ ಪ್ಯಾಕೇಜಿಗೆ ತಾನೇ ತುಂಬುತ್ತದೆ. ನಿಮ್ಮಲ್ಲಿ ಅದಕ್ಕೆ ಅಡ್ಡ ನಿಂತಿರುವುದು ಆ ‘-ಎಸ್’. ಲಿಂಕ್ ಹಂತದಲ್ಲೇ ಎಲ್ಲವನ್ನೂ ಕತ್ತರಿಸಿ ಹಾಕಿದರೆ ಡೆಬ್‌ಹೆಲ್ಪರಿನ ಸ್ಟ್ರಿಪ್ ಆಜ್ಞೆಯಾದ ಡಿಎಚ್‌ಸ್ಟ್ರಿಪ್‌ಗೆ ಎತ್ತಿಡಲು ಏನು ಉಳಿಯುತ್ತದೆ? ಅದನ್ನು ಅಳಿಸಿ, ಕಂಪೈಲರ್ ಫ್ಲ್ಯಾಗ್‌ಗಳನ್ನು ಡೆಬಿಯನ್ನಿನ ಪ್ಯಾಕೇಜ್ ಸಾಧನ ಡಿಪಿಕೆಜಿ ಕೊಡುವಂತೆಯೇ ತೆಗೆದುಕೊಳ್ಳಿ. ‘-ಜಿ -ಓ2’ ಅದರಲ್ಲೇ ಇದೆ.

ಪ್ರಶ್ನೆ: ಈಗ ಕೈಯಲ್ಲಿರುವ ಕೋರ್ ಫೈಲಿಗೆ ಏನು ಗತಿ? ಅದೇ ಕೋಡನ್ನು ‘-ಜಿ’ ಹಾಕಿ ಮತ್ತೆ ಬಿಲ್ಡ್ ಮಾಡಿದರೆ ಸಾಕೇ?

ಉತ್ತರ: ನೇರವಾಗಿ ಆಗುವುದಿಲ್ಲ. ಪ್ರೋಗ್ರಾಮನ್ನೂ ಡಿಬಗ್ ಫೈಲನ್ನೂ ಜೋಡಿಸುವುದು ಬಿಲ್ಡ್-ಐಡಿ. ಸಾಮಾನ್ಯವಾಗಿ ಇದು ಲಿಂಕರ್ ಫೈಲಿನೊಳಗೆ ಬರೆಯುವ 20 ಬೈಟ್‌ಗಳ ಹ್ಯಾಷ್. ಸ್ಟ್ರಿಪ್ ಮಾಡಿದರೂ ಅಳಿಯುವುದಿಲ್ಲ. ಹೊಸ ಬಿಲ್ಡಿಗೆ ಹೊಸ ಐಡಿ ಬರುತ್ತದೆ, ಜಿಡಿಬಿ ಅದನ್ನು ತಾನಾಗಿ ಹೊಂದಿಸದು.

ಒಂದು ದಾರಿ ಇದೆ, ಸ್ವಲ್ಪ ಜುಗಾಡ್. ಆಗ ಬಳಸಿದ ಅದೇ ಕಂಪೈಲರ್ ಆವೃತ್ತಿ, ಅವೇ ಲೈಬ್ರರಿಗಳು, ಅದೇ ಗಿಟ್ ಕಮಿಟ್ ಇಟ್ಟುಕೊಂಡು ‘-ಜಿ’ ಮಾತ್ರ ಸೇರಿಸಿ ಬಿಲ್ಡ್ ಮಾಡಿ. ಹಳೆಯ ಮತ್ತು ಹೊಸ ಫೈಲುಗಳ ‘.ಟೆಕ್ಸ್ಟ್’ ವಿಭಾಗಗಳನ್ನು (ಯಂತ್ರ ಸಂಕೇತ ಇರುವುದು ಇಲ್ಲೇ) ಹೊರತೆಗೆದು ಹೋಲಿಸಿ. ಬೈಟಿಗೆ ಬೈಟ್ ಒಂದೇ ಆಗಿದ್ದರೆ ಹೊಸ ಫೈಲನ್ನು ಜಿಡಿಬಿಗೆ ಕೈಯಾರೆ ಕೊಡಿ. ಒಂದು ಬೈಟ್ ಬೇರೆಯಾದರೂ ಅದು ತೋರಿಸುವ ಸಾಲಿನ ಸಂಖ್ಯೆಗಳನ್ನು ನಂಬಬೇಡಿ.

ಪ್ರಶ್ನೆ: ಡಿಬಿಜಿಸಿಮ್ ಪ್ಯಾಕೇಜನ್ನು ಗ್ರಾಹಕರಿಗೂ ಕೊಡಬೇಕೆ? ಸೋರ್ಸ್ ಕೋಡ್ ಹೊರಗೆ ಹೋದಂತಾಗುವುದಿಲ್ಲವೇ?

ಉತ್ತರ: ಅದರಲ್ಲಿ ಸೋರ್ಸ್ ಇರುವುದಿಲ್ಲ. ಆದರೆ ಫಂಕ್ಷನ್, ವೇರಿಯಬಲ್‌ಗಳ ಹೆಸರು, ಸ್ಟ್ರಕ್ಟ್‌ಗಳ ರಚನೆ, ಫೈಲ್ ಹೆಸರು, ಸಾಲಿನ ಸಂಖ್ಯೆ ಎಲ್ಲವೂ ಇರುತ್ತವೆ. ಬಲ್ಲವರಿಗೆ ಅಷ್ಟು ಸಾಕು. (ಫೆಡೋರಾದಲ್ಲಿ ಸೋರ್ಸನ್ನೂ ಡಿಬಗ್‌ಸೋರ್ಸ್ ಎಂಬ ಬೇರೆ ಪ್ಯಾಕೇಜಿನಲ್ಲಿ ಕೊಡುತ್ತಾರೆ. ಅವರದು ಮುಕ್ತ ತಂತ್ರಾಂಶ, ನಡೆಯುತ್ತದೆ.) ನೀವು ಕೊಡಬೇಕಿಲ್ಲ. ಕಚೇರಿಯಲ್ಲೇ ಡಿಬಗ್ ಫೈಲುಗಳನ್ನು ಹಂಚುವ ಡಿಬಗ್‌ಇನ್ಫೋಡಿ ಸರ್ವರ್ ಸ್ಥಾಪಿಸಿ. 2019ರಿಂದ ಅದು ಎಲ್ಫ್‌ಯುಟಿಲ್ಸ್ ಎಂಬ ಸಾಧನಗಳ ಕಟ್ಟಿನ ಜೊತೆಗೇ ಬರುತ್ತಿದೆ, ಜಿಡಿಬಿ ಬಿಲ್ಡ್-ಐಡಿ ಹೇಳಿ ತನಗೆ ಬೇಕಾದ ಫೈಲನ್ನು ಅದರಿಂದ ತರಿಸಿಕೊಳ್ಳುತ್ತದೆ. ಯಾವ ಆವೃತ್ತಿ ಒಬ್ಬ ಗ್ರಾಹಕರ ಬಳಿಯಾದರೂ ಓಡುತ್ತಿದೆಯೋ ಅದರ ಡಿಬಿಜಿಸಿಮ್ ಅನ್ನು ಅಲ್ಲಿಂದ ಅಳಿಸಬೇಡಿ. ಬಿಲ್ಡ್ ಸರ್ವರಿನ ಹಳೆಯ ಫೈಲ್ ಗುಡಿಸುವ ಸ್ಕ್ರಿಪ್ಟನ್ನು ಇವತ್ತೇ ಒಮ್ಮೆ ತೆರೆದು ನೋಡಿ.